ರತ್ನಾಕರನ ಮೆಷಿನಿನಲ್ಲಿ ಸುಧೀರನ ಜಾತಕ

ದೀಪ ಸಣ್ಣ ಮಾಡಿ, ಆರಿಸಬೇಡಿ. ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ. ನನ್ನ ಚಿಕ್ಕಮ್ಮನ ಮಗ ಸುಧೀರನಿಗೆ ಆದದ್ದು. ಕೊನೆಯದ್ದನ್ನು ನಾನೇ ಕಣ್ಣಾರೆ ಕಂಡದ್ದು. ನಡುವೆ ಬಾಯಿ ಹಾಕಿದಿರೋ, ಅಲ್ಲಿಗೇ ನಿಲ್ಲಿಸಿ ಮಲಗುತ್ತೇನೆ.

ತೊಂಬತ್ತೊಂಬತ್ತನೇ ಇಸವಿ, ಆಸಾಡಿ ತಿಂಗಳು, ಅಂದರೆ ಆಷಾಢ. ಸುಧೀರ ಹೆಮ್ಮಾಡಿಯಲ್ಲಿ ಬಸ್ಸಿಳಿದು ಮನೆಗೆ ನಡೆದು ಬರುತ್ತಿದ್ದ. ರಾತ್ರಿ ಒಂಬತ್ತೂವರೆ. ಗದ್ದೆಯಂಚಿನಲ್ಲಿ ಒಂದು ಹಾಳು ಬಾವಿ ಉಂಟು. ಅದನ್ನು ದಾಟಿದ್ದೇ ಹಿಂದಿನಿಂದ… ಸರ್… ಸರ್… ಕೊಡೆಯ ನೀರಲ್ಲ. ಕಪ್ಪೆಯೂ ಅಲ್ಲ. ಹೊಸ ಸೀರೆಯ ಸದ್ದು. ಒಂದು ಸಲವೂ ನೀರಿಗೆ ಬೀಳದ ಸೀರೆ ಉಟ್ಟು ನಡೆದರೆ ನೆರಿಗೆಗೆ ನೆರಿಗೆ ಉಜ್ಜುತ್ತದಲ್ಲ, ಅದು.

ಇವನು ನಿಂತ. ಅದೂ ನಿಂತಿತು. ಯಾರೋ ಮದುವೆಮನೆಯಿಂದ ಬರುತ್ತಿರಬೇಕು ಅಂದುಕೊಂಡು ಎರಡು ಹೆಜ್ಜೆ ಹಾಕಿದ. ಆಮೇಲೆ ಹೊಳೆಯಿತು… ಆಸಾಡಿಯಲ್ಲಿ ಯಾರ ಮನೆಯಲ್ಲಿ ಮದುವೆ? ತಿರುಗಿ ನೋಡಲಿಲ್ಲ. ಮನೆ ಬಾಗಿಲು ಹಾಕಿಕೊಂಡ ಮೇಲೆಯೇ ಉಸಿರು ಬಿಟ್ಟದ್ದಂತೆ.

ಅವನ ತಲೆಯಲ್ಲಿ ಆಗ ಇದ್ದದ್ದು ಒಂದೇ, ಕುಂಭಾಶಿಯ ದಿವ್ಯಾ. ಮಳೆಗಾಲ ಕಳೆದದ್ದೇ ಮದುವೆ ಅಂತ ಮಾತಾಗಿತ್ತು. ಅವನೇ ಮೆಚ್ಚಿದ ಹುಡುಗಿ. ದಿನಾ ಸಂಜೆ ಎಸ್‌ಟಿಡಿ ಬೂತಿನಿಂದ ಫೋನು ಮಾಡದೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಬಾವಿಯ ಮರುದಿನ ಫೋನಿನಲ್ಲಿ ಅವಳು ಮೆಲ್ಲ ಕೇಳಿದಳು, "ಬೂತಂಗ್ ನಿಮ್ ಹಿಂದ್ ಯಾರ್ ಇದ್ರ್? ಸೀರಿ ಶಬ್ದ ಕೇಣ್ತಾ ಇತ್ತ್."

ಬೂತು ಒಬ್ಬರು ನಿಲ್ಲುವಷ್ಟೇ ಅಗಲ.

ಈಗ ಒಂದು ವಾರ ಹಿಂದೆ ಹೋಗಬೇಕು. ಸುಧೀರನ ಕೆಲಸ ಕಂಪ್ಯೂಟರ್ ರಿಪೇರಿ. ಹೆಮ್ಮಾಡಿ ಪೇಟೆಯಲ್ಲಿ ರತ್ನಾಕರ ಅಂತ ಒಬ್ಬನದ್ದು ಕಂಪ್ಯೂಟರ್ ಜಾತಕದ ಅಂಗಡಿ. ಹಳೇ ಮೆಷಿನು. ಮೌಸಿಲ್ಲ, ಚಿತ್ರವಿಲ್ಲ. ಕಪ್ಪು ಪರದೆ, ಏನು ಮಾಡಬೇಕಿದ್ದರೂ ಅಕ್ಷರ ಅಕ್ಷರ ಟೈಪ್ ಮಾಡಿ ಹೇಳಬೇಕು. ಅದಕ್ಕೆ ವೈರಸ್ ಹಿಡಿದಿತ್ತು. ಕುಂಡಲಿ ತೆರೆದರೆ ಅಕ್ಷರಗಳು ಒಂದೊಂದೇ ಕಳಚಿ ಪರದೆಯ ಬುಡಕ್ಕೆ ಉದುರುತ್ತಿದ್ದವು. ಸುಧೀರ ತನ್ನ ಫ್ಲಾಪಿ ಹಾಕಿ ಮೆಷಿನು ಎಬ್ಬಿಸಿ, ಸ್ಕ್ಯಾನ್ ಅಂತ ಟೈಪ್ ಮಾಡಿ, ಎಂಟರ್ ಒತ್ತಿ ಒಂದೂವರೆ ಗಂಟೆ ಕೂತ. ವೈರಸ್ ಹೋಯಿತು. ಸರಿಯಾಯಿತೋ ಇಲ್ಲವೋ ಅಂತ ನೋಡಲು ಒಂದು ಜಾತಕ ಮಾಡಬೇಕಲ್ಲ? ಮದುವೆ ಮಾತುಕತೆಯಿಂದಾಗಿ ತಾನು ಹುಟ್ಟಿದ ಗಳಿಗೆ ಅವನಿಗೆ ಬಾಯಿಪಾಠ. ತನ್ನದನ್ನೇ ಹೊಡೆದ. ಅಕ್ಷರ ಉದುರಲಿಲ್ಲ. ಖುಷಿಯಲ್ಲಿ ಎದ್ದು ಬಂದ.

ತಪ್ಪಿದ್ದು ಒಂದೇ ಕಡೆ. ಆ ಮೆಷಿನಿನಲ್ಲಿ ನೀವು ಯಾವ ಫೋಲ್ಡರಿನೊಳಗೆ ನಿಂತು ಬರೆಯುತ್ತೀರೋ, ಬರೆದದ್ದು ಅದರೊಳಗೇ ಉಳಿಯುತ್ತದೆ. ತಾನು ಎಲ್ಲಿ ನಿಂತಿದ್ದೇನೆ ಅಂತ ಸುಧೀರ ನೋಡಲಿಲ್ಲ.

ದಿವ್ಯಾ ಹಾಗೆ ಕೇಳಿದ ಮರುಸಂಜೆ ರತ್ನಾಕರ ಮತ್ತೆ ಕರೆದ. "ಅಕ್ಷರ ಮತ್ತ್ ಉದ್ರುಕೆ ಸುರು ಆಯ್ತ್ ಮಾರಾಯ. ನೀ ಸ್ಕ್ಯಾನಿಗ್ ಹಾಕಿ ಕೂಕೋ, ನಾ ಮನಿಗ್ ಹೋಯಿ ಉಂಡ್ಕಂಡ್ ಬತ್ತೆ. ನಡುವಂಗ್ ಬಂದ್ ಮಾಡ್ಬೇಡ, ಇಪ್ಪುದೆಲ್ಲ ಹೋತ್."

ಆ ಅಂಗಡಿ ನೀವು ಕಂಡಿಲ್ಲ. ಓಣಿಯ ಹಾಗೆ ಉದ್ದಕ್ಕೆ. ಮೆಷಿನು ಒಳಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ. ಗಿರಾಕಿಗಳ ಬೆಂಚು ಬಾಗಿಲ ಹತ್ತಿರ. ಹಿಂಬಾಗಿಲು ಇಲ್ಲ. ಹೊರಗೆ ಹೋಗಬೇಕಾದರೆ ಬೆಂಚಿಗೆ ಮೈ ತಾಗಿಸಿಕೊಂಡೇ ಹೋಗಬೇಕು.

ಫ್ಲಾಪಿ ತಿರುಗಿತು… ಕಟಕ್… ಗೂಂ… ಕಟಕ್. ಫೈಲುಗಳ ಹೆಸರು ಒಂದರ ಹಿಂದೆ ಒಂದು ಮೇಲಕ್ಕೆ ಹರಿಯತೊಡಗಿದವು. ಅರ್ಧ ಗಂಟೆ ಹೋಯಿತು. ಒಮ್ಮೆಲೇ ಎಲ್ಲ ನಿಂತಿತು. ಪರದೆಯಲ್ಲಿ ಒಂದೇ ಸಾಲು. 'ಆಚೆ' ಅಂತ ಫೋಲ್ಡರಿನ ಹೆಸರು, ಅದರ ಮುಂದೆ 'ಸುಧೀರ್'. ಇದರಲ್ಲಿ ದೋಷ ಇದೆ, ಅಳಿಸಲೇ ಅಂತ ಕೆಳಗೆ ಪ್ರಶ್ನೆ.

ವೈ ಒತ್ತಿದ.

ಬೆಂಚು… ಕಿರ್ಕ್… ಅಂದಿತು. ಯಾರೋ ಕೂತ ಹಾಗೆ.

ಪರದೆಯಲ್ಲಿ ಮತ್ತೆ ಅದೇ ಸಾಲು, ಅದೇ ಪ್ರಶ್ನೆ. ಮತ್ತೆ ವೈ ಒತ್ತಿದ. ಸರ್… ಬೆಂಚಿನಿಂದ ಎದ್ದರು. ಮತ್ತೆ ಅದೇ ಸಾಲು. ಮತ್ತೆ ವೈ. ಸರ್… ಸರ್… ಅಂಗಡಿಯ ನಡುವಿಗೆ ಬಂದಾಯಿತು. ಆಗ ಅವನಿಗೆ ಅರ್ಥವಾಯಿತು, ಒಂದೊಂದು ಸಲ ಅಳಿಸಿದಾಗಲೂ ಅದು ಇನ್ನಷ್ಟು ಹತ್ತಿರ ಬರುತ್ತಿತ್ತು. ನಾಲ್ಕನೇ ಸಲ ಬೆರಳು ಎತ್ತಿದ್ದು ಹಾಗೇ ನಿಂತಿತು. ಅಳಿಸುವ ಹಾಗಿಲ್ಲ. ಬಂದ್ ಮಾಡಿದರೆ ರತ್ನಾಕರನ ಅನ್ನ ಹೋಗುತ್ತದೆ. ಎದ್ದು ಓಡೋಣ ಅಂದರೆ ದಾರಿಯಲ್ಲೇ ಅದು ನಿಂತಿದೆ. ಕುತ್ತಿಗೆಯ ಹಿಂದೆ ಹೊಸ ಬಟ್ಟೆಯ ಗಂಜಿ ವಾಸನೆ. ಪಾಪ, ಮುಕ್ಕಾಲು ಗಂಟೆ ಗೋಡೆ ನೋಡಿಕೊಂಡು ಹಾಗೇ ಕೂತಿದ್ದ. "ಅಳು ಬಂತ್ ಪದ್ದಕ್ಕ, ಆದ್ರೆ ಶಬ್ದ ಮಾಡುಕೆ ಹೆದ್ರಿಕಿ ಆಯ್ತ್" ಅಂತ ನನ್ನ ಹತ್ತಿರ ಹೇಳಿದ್ದಾನೆ.

ರತ್ನಾಕರ ಬಂದ. ಸುಧೀರ ತಿರುಗದೆಯೇ ಪಿಸುಗುಟ್ಟಿದ.

"ಹಿಂದ್ ಯಾರ್ ಇದ್ರ್?"

"ಯಾರೂ ಇಲ್ಲೆ."

"ಈ 'ಆಚೆ' ಅಂದ್ರೆ ಎಂತ?"

ರತ್ನಾಕರ ಪರದೆ ನೋಡಿದ. ಅವನ ದನಿಯೂ ಇಳಿಯಿತು. "ಅದ್ ಸತ್ತರ ಜಾತಕ ಮಾರಾಯ. ನಿನ್ ಹೆಸ್ರ್ ಅಲ್ಲಿಗ್ ಹ್ಯಾಂಗೆ ಬಂತ್…"

ನಮ್ಮ ಕಡೆ ಗೊತ್ತಲ್ಲ. ಸಣ್ಣದರಲ್ಲೇ ತೀರಿಹೋದ ಮಕ್ಕಳೂ ಆಚೆ ಕಡೆ ಬೆಳೆಯುತ್ತವೆ. ಪ್ರಾಯಕ್ಕೆ ಬಂದಾಗ ಮನೆಯವರನ್ನು ಕಾಡುತ್ತವೆ, ಮದುವೆ ಮಾಡಿ ಅಂತ. ಆಗ ಹಾಗೆಯೇ ತೀರಿಹೋದ ಗಂಡು ಹುಡುಕಿ, ಜಾತಕ ಹೊಂದಿಸಿ, ಆಸಾಡಿಯಲ್ಲಿ ಪ್ರೇತಗಳ ಮದುವೆ ಮಾಡುತ್ತಾರೆ. ಅಂಥವರ ಜಾತಕಗಳನ್ನು ರತ್ನಾಕರ ಬೇರೆಯೇ ಇಟ್ಟಿದ್ದ. ಸುಧೀರ ನಿಂತು ಬರೆದದ್ದು ಅದರೊಳಗೆ.

"ಹೋದ್ ವಾರ ನಾವುಂದದ ಹರಿಣಾಕ್ಷಮ್ಮನ್ ಮಗಳಿಗೆ ಹೊಂದ್ಸಿ ಕೊಟ್ಟದ್ ಇದನ್ನೇ" ಅಂದ ರತ್ನಾಕರ. "ಯಾವ್ದೋ ಸತ್ತ ಸುಧೀರ ಅಂದ್ಕಂಡೆ. ಮೂವತ್ತೊಂದ್ ಗುಣ ಕೂಡಿ ಬಂದಿತ್."

ಬೆಳಿಗ್ಗೆ ಇಬ್ಬರೂ ನಾವುಂದಕ್ಕೆ ಹೋದರು. ಹರಿಣಾಕ್ಷಮ್ಮ ಮೀನು ಮಾರುವ ಹೆಂಗಸು, ಸಂತೆಯಲ್ಲಿ ಯಾರಿಗೂ ಸೊಪ್ಪು ಹಾಕುವವರಲ್ಲ. ಮಗಳು ಅಕ್ಷಯಾ ಮೂರು ವರ್ಷದವಳಿದ್ದಾಗ ಜ್ವರ ಬಂದು ಹೋದದ್ದು. ಅದಾಗಿ ಹತ್ತೊಂಬತ್ತು ವರ್ಷ. ಸುಧೀರ ನಡೆದದ್ದನ್ನೆಲ್ಲ ಹೇಳಿದ. ಅವರು ನಗಲಿಲ್ಲ, ಬೈಯಲೂ ಇಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನಿಂಗೊಂದ್ ಗಂಡ್ ಸಿಕ್ತ್ ಮಗಳೇ ಅಂದ್ ದೀಪದ್ ಎದ್ರ್ ಮಾತ್ ಕೊಟ್ ಆಯ್ತಲ್ಲ ಮಗಾ. ಮಣೆ ಮೇಲ್ ಹೊಸ ಸೀರಿ ಇಟ್ಟಿದ್ದೆ. ಬೆಳಿಗ್ಗೆ ಕಂಡ್ರೆ ಸೀರಿ ಇಲ್ಲೆ."

"ನಾ ಜೀವಂತ ಇದ್ದೆ ಅಮ್ಮಾ. ನಂಗೆ ಹೆಣ್ ನಿಶ್ಚಯ ಆಯ್ತ್."

ಅವರು ದೀಪದ ಬತ್ತಿ ಹೊಸೆಯತೊಡಗಿದರು. "ನಾ ಇವತ್ತೇ ದೀಪ ಹಚ್ಚಿ ಹೇಳ್ತೆ, ಬೇರೆ ಗಂಡ್ ಕಾಂಬ ಅಂದ್. ಅದ್ ಕೇಣದಿದ್ರೆ… ನೀ ನಿಶ್ಚಯ ಮಾಡ್ಕಂಡ್ ಹೆಣ್ಣಿನ್ ಜೀವ ನೀನೇ ಉಳ್ಸ್ಕ್."

ಅದು ಕೇಳಲಿಲ್ಲ. ರತ್ನಾಕರ ಹೆದರಿ ಮೆಷಿನಿನ ಹೊಟ್ಟೆ ಬಗೆದು ಡಿಸ್ಕು ತೆಗೆದು ಹೊಳೆಗೆ ಬಿಸಾಡಿದ. ಅದರಿಂದಲೂ ಏನೂ ಆಗಲಿಲ್ಲ. ನಾಲ್ಕನೇ ದಿನ ದಿವ್ಯಾ ಫೋನಿನಲ್ಲಿ ಬಿಕ್ಕುತ್ತಿದ್ದಳು. ರಾತ್ರಿಯಿಡೀ ಅವಳ ಮಂಚದ ಸುತ್ತ ಯಾರೋ ನಡೆಯುತ್ತಿದ್ದರಂತೆ… ಸರ್… ಸರ್… ಅಂತ. ಸುಧೀರ ಆ ಮಧ್ಯಾಹ್ನವೇ ಕುಂಭಾಶಿಗೆ ಹೋಗಿ, ನನಗೆ ಈ ಮದುವೆ ಬೇಡ ಅಂದು ಅವಳಪ್ಪನ ಕೈಯಲ್ಲಿ ಬೈಸಿಕೊಂಡು ಬಂದ. ಕಾರಣ ಹೇಳಲಿಲ್ಲ. ನಮ್ಮ ಜಗಲಿಯಲ್ಲಿ ಕೂತು ಮಕ್ಕಳ ಹಾಗೆ ಅತ್ತ. ಗಂಡಸು ಹಾಗೆ ಅತ್ತದ್ದನ್ನು ನಾನು ಮತ್ತೆ ಕಂಡಿಲ್ಲ. ದಿವ್ಯಾ ಈಗ ಚೆನ್ನಾಗಿದ್ದಾಳೆ, ಎರಡು ಮಕ್ಕಳು. ಅವಳ ಹತ್ತಿರ ಆಮೇಲೆ ಯಾವ ಸದ್ದೂ ಸುಳಿಯಲಿಲ್ಲ.

ಇವನು ಸಾಯಲಿಲ್ಲ. ಬೈಂದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ, ಹೋದರೆ ಕಾಣಬಹುದು. ಮದುವೆ ಯಾಕಾಗಲಿಲ್ಲ ಅಂತ ಮಾತ್ರ ಕೇಳಬೇಡಿ. ವರ್ಷಕ್ಕೊಮ್ಮೆ, ಆಸಾಡಿ ಅಮಾವಾಸ್ಯೆಯ ರಾತ್ರಿ, ಹರಿಣಾಕ್ಷಮ್ಮನ ಮನೆಯಲ್ಲಿ ಊಟ. ತಪ್ಪಿಸುವ ಹಾಗಿಲ್ಲ. ಒಂದು ವರ್ಷ ತಪ್ಪಿಸಿದ. ಆ ವರ್ಷದ ಸುದ್ದಿ ಅವನು ನನಗೂ ಹೇಳಿಲ್ಲ.

ಹೋದ ವರ್ಷ ನಾನೂ ಜೊತೆಗೆ ಹೋಗಿದ್ದೆ. ಒಳಕೋಣೆಗೆ ಒಂದೇ ಬಾಗಿಲು, ಕಿಟಕಿ ಇಲ್ಲ. ಅಕ್ಕಪಕ್ಕ ಎರಡು ಬಾಳೆಲೆ. ಹರಿಣಾಕ್ಷಮ್ಮ ಎರಡಕ್ಕೂ ಅನ್ನ, ಕೋಳಿ ಸಾರು ಬಡಿಸಿ ಹೊರಗೆ ಬಂದು ಬಾಗಿಲೆಳೆದರು. ನಾನು ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಅರ್ಧ ಗಂಟೆ. ಒಳಗೆ ಮಾತಿಲ್ಲ. ಆಮೇಲೆ ಅವರು ಬಾಗಿಲು ತೆರೆದರು.

"ಇಬ್ರದ್ದೂ ಆಯ್ತಾ ಮಗಾ?"

ಸುಧೀರನ ಎಲೆಯಲ್ಲಿ ಅನ್ನ ಹಾಗೇ ಇತ್ತು. ಅವನು ಕೈ ಅದ್ದಿರಲೇ ಇಲ್ಲ. "ಅದ್ರದ್ ಆಯ್ತ್ ಅತ್ತೆ" ಅಂದ.

ಬೆಕ್ಕು ತಿಂದಿರಬೇಕು ಅನ್ನುತ್ತೀರಿ. ಅನ್ನಿ. ಉಂಡು ಎಲೆ ಮಡಚಿಡುವ ಬೆಕ್ಕನ್ನು ಕಂಡವರಿದ್ದರೆ ನನಗೂ ತೋರಿಸಿ. ಪಕ್ಕದ ಎಲೆ ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿತ್ತು. ಅದನ್ನೆತ್ತಿ ಹೊರಗೆ ಹಾಕಿದ್ದು ನಾನೇ, ಈ ಕೈಯಲ್ಲೇ. ಒಳಗೆ ಒಂದು ಅಗುಳೂ ಇರಲಿಲ್ಲ.