ಲಡಾಖ್ ಹಣ್ಣಿನ ರಸ ಕುಡಿದ ರಾಚಪ್ಪ

ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ರಾಚಪ್ಪ ಎಂಬ ದೊಡ್ಡ ಅಡತಿ ವ್ಯಾಪಾರಿ ಒಬ್ಬನಿದ್ದ. ಯಾವ ಊರು ಅಂತ ಕೇಳಬೇಡಿ, ಅವನ ಬೀಗರು ಈ ಪ್ರವಚನ ಕೇಳುತ್ತ ಇಲ್ಲೇ ಕುಳಿತಿರಬಹುದು. ಅವನಿಗೆ ಒಂದೇ ಆಸೆ, ನೂರು ವರ್ಷ ಬದುಕಬೇಕು. ಬದುಕಿ ಏನು ಮಾಡಬೇಕು? ಅದನ್ನು ಯೋಚಿಸಲು ನೂರು ವರ್ಷ ಇದೆಯಲ್ಲ!

ಯಾರೋ ಅವನಿಗೆ ಸೀ ಬಕ್‌ಥಾರ್ನ್ ಹಣ್ಣಿನ ರಸ ತಂದುಕೊಟ್ಟರು. ಲಡಾಖ್‌ನ ಚಳಿಯಲ್ಲಿ ಮುಳ್ಳುಗಿಡಕ್ಕೆ ಬಿಡುವ ಕಿತ್ತಳೆ ಬಣ್ಣದ ಪುಟ್ಟ ಹಣ್ಣು. ಹುಳಿ ಎಂದರೆ ಹುಳಿ! ಆದರೆ ನೋಡಿ, ಗುಣ ದೊಡ್ಡದು. ಸಿ ಜೀವಸತ್ವ ಧಾರಾಳ, ಇ ಜೀವಸತ್ವವೂ ಉಂಟು, ತಿರುಳಿನಲ್ಲೂ ಬೀಜದಲ್ಲೂ ಒಳ್ಳೆಯ ಎಣ್ಣೆ. ಹಣ್ಣಿನದು ಏನೂ ತಪ್ಪಿಲ್ಲ.

ರಾಚಪ್ಪ ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬೆಳ್ಳಿ ಲೋಟದಲ್ಲಿ ಅದನ್ನು ತೀರ್ಥದ ಹಾಗೆ ಕುಡಿದ. ಕೊನೆಯ ಹನಿಯನ್ನು ಕಣ್ಣಿಗೂ ಒತ್ತಿಕೊಂಡ! ಬಂದವರಿಗೆಲ್ಲ ಕೊಟ್ಟ, ಮಹಿಮೆ ಹೇಳಿದ. “ವಸಡಿಗೆ ಛಲೋ, ಚರ್ಮಕ್ಕ ಛಲೋ!” ಆಮೇಲೆ ಒಂದು ತಟ್ಟೆ ಮಿರ್ಚಿ ಬಜಿ ತಿಂದ. ಯಾಕೆ, ಹಣ್ಣು ನೋಡಿಕೊಳ್ಳುತ್ತದಲ್ಲ!

ಒಂದು ದಿನ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶಂಕ್ರವ್ವ ಒಲೆಯ ಮುಂದೆ ತಲೆ ತಿರುಗಿ ಬಿದ್ದಳು. ಬಹಳ ದಿನದಿಂದ ಅವಳ ವಸಡಿನಲ್ಲಿ ರಕ್ತ ಬರುತ್ತಿತ್ತು. ಗಂಡನಿಗೆ ಗೊತ್ತೇ ಇಲ್ಲ. ವಸಡಿನ ಮೇಲೆ ಭಾಷಣ ಮಾಡುವವನಿಗೆ ಹೆಂಡತಿಯ ವಸಡು ನೋಡಲು ಪುರುಸೊತ್ತೆಲ್ಲಿ?

ಡಾಕ್ಟರಮ್ಮ ಪರೀಕ್ಷೆ ಮಾಡಿದರು. “ಇವರ ಮೈಯಾಗ ರಕ್ತ ಇಲ್ಲ, ಸಿ ಜೀವಸತ್ವ ಇಲ್ಲ. ಹಿಂಗ ಬಿಟ್ರ ಜೀವಕ್ಕ ಕುತ್ತು ಬರ್ತೈತಿ.”

ರಾಚಪ್ಪನಿಗೆ ಅವಮಾನವಾಯಿತು. “ಏನ್ ಮಾತಾಡ್ತೀರಿ! ಲಡಾಖ್ ಹಣ್ಣಿನ ರಸ ಐತ್ರಿ ನಮ್ಮನ್ಯಾಗ!”

ಡಾಕ್ಟರಮ್ಮ ಶಂಕ್ರವ್ವನ ಕಡೆ ತಿರುಗಿದರು. “ಹೌದೇನವ್ವಾ, ಕುಡೀತೀರೇನು?”

“ಲೋಟ ತೊಳೀತೀನ್ರಿ.”

“ಮತ್ತ ಕಾಯಿಪಲ್ಲೆ, ಹಣ್ಣು?”

“ಅವರು, ಮಕ್ಕಳು, ಬಂದವರು ಎಲ್ಲಾರೂ ಉಂಡಮ್ಯಾಲ ಎಲ್ಲಿ ಉಳೀತೈತ್ರಿ? ರೊಟ್ಟಿ, ಖಾರ ಇರ್ತೈತಲ್ರಿ, ಸಾಕು.”

ಆಗ ರಾಚಪ್ಪ ಅತ್ತ. ಹೆಂಡತಿಯ ಮೇಲಿನ ಪ್ರೀತಿಗೆ ಅತ್ತನೋ, ಇವಳು ಹೋದರೆ ನೂರು ವರ್ಷ ರೊಟ್ಟಿ ಬಡಿಯುವವರು ಯಾರು ಎಂದು ಅತ್ತನೋ, ಶಿವನಿಗೇ ಗೊತ್ತು.

ನಗುತ್ತೀರಾ? ನಗಿ, ನಗಿ. ರಾಚಪ್ಪ ಬೇರೆ ಊರಿನವನು, ನಗಲು ಏನು ತೊಂದರೆ? ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಏನಿರುತ್ತದೆ? ನೋಡಿದ್ದೀರಾ? ನಾಳೆಯಿಂದ ಹಣ್ಣು ಹೆಚ್ಚಿದರೆ ಮೊದಲ ಹೋಳು ಅವರಿಗೆ. ಪಲ್ಯ ಮಾಡಿದರೆ ಮೊದಲ ಸೌಟು ಅವರಿಗೆ. ಅವರು ಊಟಕ್ಕೆ ಕೂರುವವರೆಗೆ ನೀವು ತುತ್ತು ಎತ್ತಬೇಡಿ.

ನಾಳೆ ಯಾಕೆ? ಈಗಲೇ ದಾಸೋಹ ಇದೆ. ಗಂಡಸರೆಲ್ಲ ಮುಂದೆ ಕುಳಿತಿದ್ದೀರಿ, ಮೊದಲ ಪಂಕ್ತಿಗೆ ಓಡಲು ಅನುಕೂಲ ನೋಡಿ! ನಿಮ್ಮ ತಾಯಂದಿರು, ಹೆಂಡಂದಿರು ಬೆಳಗಿನಿಂದ ಹಿಂದೆ ಒಲೆಯ ಹೊಗೆಯಲ್ಲಿದ್ದಾರೆ. ಇವತ್ತು ಮೊದಲ ಪಂಕ್ತಿ ಅವರದು. ಏಳಿ, ಅವರನ್ನು ಕರೆದು ಕೂರಿಸಿ, ಸೌಟು ಹಿಡಿದು ನೀವು ಬಡಿಸಿ.