ಹೊಸ್ತಿಲಿಗೆ ಅಡ್ಡವಿಟ್ಟ ಕೋಲು

ಅಧ್ಯಕ್ಷರಾದ ಹಾಜಿ ಇದ್ರೀಸರೇ, ಇಂದು ಸನ್ಮಾನಗೊಳ್ಳುತ್ತಿರುವ ನೂಲಿನಂಗಡಿಯ ತಯ್ಯಿಬರೇ, ನಮ್ಮ ಸೆಫ್ರೂ ಊರಿನ ಪೇಟೆಯ ವರ್ತಕರೇ, ಹಿಂದಿನ ಸಾಲಿನಲ್ಲಿ ಆಗಲೇ ಖರ್ಜೂರಕ್ಕೆ ಕೈಹಾಕಿರುವ ಸಭಿಕರೇ,

ನಾನು ಝುಹೂರ್, ನಿಮ್ಮ ನಿಲುವಂಗಿಗಳಿಗೆ ರೇಷ್ಮೆ ಗುಂಡಿ ಕಟ್ಟುವವಳು. ಐದನೆಯ ವಯಸ್ಸಿನಿಂದ ಗಾಲಿಕುರ್ಚಿಯೇ ನನ್ನ ಕಾಲು. ನಮ್ಮ ಅಂಗಡಿಗಳ ಹೊಸ್ತಿಲು ಮೊಣಕಾಲೆತ್ತರ. ನನ್ನಂಥವರನ್ನು ಕುರ್ಚಿಸಮೇತ ಎತ್ತಿ ಒಳಗಿಳಿಸುವವರು ತಯ್ಯಿಬರು. ಅವರನ್ನು ಹೊಗಳಬೇಡವೇ? ಹೊಗಳಲೇಬೇಕು. ಗುಂಡಿಯ ನೂಲನ್ನು ನಾನೇ ಒಳಗೆ ಹೋಗಿ ಆರಿಸಬೇಕು; ಬೇರೆಯವರು ತಂದುಕೊಟ್ಟದ್ದು ಬಟ್ಟೆಯ ಬಣ್ಣಕ್ಕೆ ಎಂದೂ ಒಪ್ಪಲಿಲ್ಲ.

ಆದರೆ ಕಳೆದ ಚಳಿಗಾಲದ ಒಂದು ಶುಕ್ರವಾರ, "ನೀವು ಬಣ್ಣ ಆರಿಸ್ತಾ ಇರಿ ಚಿಕ್ಕಮ್ಮಾ, ನಮಾಜ್ ಮುಗಿಸಿ ಬಂದ್ಬಿಡ್ತೀನಿ" ಎಂದು ಇವರು ಹೊರಟರು. ಹೋಗುವಾಗ ಅಭ್ಯಾಸದಂತೆ ಹೊಸ್ತಿಲಿಗೆ ಕೋಲು ಅಡ್ಡವಿಟ್ಟರು. ಅಡ್ಡಕೋಲಿದ್ದರೆ ಒಳಗೆ ಯಾರೂ ಇಲ್ಲವೆಂದೇ ಅರ್ಥ. ಅದನ್ನು ದಾಟಿದವರನ್ನು ನಮ್ಮ ಪೇಟೆ ಕಂಡಿಲ್ಲ.

ಅಂಗಡಿಯ ಮೂಲೆಯಲ್ಲಿದ್ದ ಚಹಾದ ಒಲೆಯಿಂದ ಕಿಡಿಯೊಂದು ನೂಲಿನ ರಾಶಿಗೆ ಹಾರಿತು. ಹೊಗೆ ಎದ್ದಿತು. ನಾನು ಕೂಗಿದೆ. ಹೊರಗೆ ಇಬ್ಬರು ಹೆಂಗಸರ ಮಾತು ಕೇಳಿಸಿತು.

"ಒಳಗ್ಯಾರೋ ಕೂಗಿದ ಹಾಗಾಯ್ತು ಕಣೇ."

"ಕೋಲು ಕಾಣಲ್ವೇನೇ ನಿಂಗೆ? ರೇಡಿಯೋ ಇರಬೇಕು, ನಡಿ."

ಹೆಜ್ಜೆಗಳು ದೂರವಾದವು. ಅಷ್ಟು ಹತ್ತಿರದಲ್ಲಿ ಬೀದಿ. ಅಷ್ಟು ಎತ್ತರದ ಹೊಸ್ತಿಲು. ಕುರ್ಚಿಯಿಂದ ಕೆಳಗೆ ಬಿದ್ದು, ತೆವಳಿ, ಒಲೆಯ ಮೇಲೆ ಕುದಿಯುತ್ತಿದ್ದ ಕೆಟಲಿನ ನೀರನ್ನು ಬೆಂಕಿಗೆ ಸುರಿದೆ. ಬೆಂಕಿ ಆರಿತು, ಆದರೆ ಅರ್ಧ ನೀರು ನನ್ನ ಕೈಗೇ ಬಿತ್ತು.

ತಯ್ಯಿಬರು ಬಂದು ಅತ್ತರು. "ಹೂವಿನ ಹಾಗೆ ಎತ್ತಿ ತಂದಿದ್ದೆನಲ್ಲಾ" ಎಂದರು. ನಿಜ, ಹಾಗೆಯೇ ತಂದಿದ್ದರು. ಅಂದಿನಿಂದ ನಾನು ಯಾವ ಅಂಗಡಿಯನ್ನೂ ಹೊಕ್ಕಿಲ್ಲ. ಇದನ್ನು ಹೇಳಬಾರದೆಂದುಕೊಂಡೇ ಬಂದಿದ್ದೆ.

ನಮ್ಮಂಥವರನ್ನು ಎತ್ತಲು ಪೇಟೆಯ ಬಾಗಿಲಲ್ಲಿ ಇಬ್ಬರು ಗಟ್ಟಿಗರನ್ನು ನಿಲ್ಲಿಸುವ ನಿರ್ಣಯ ಇಂದು ನಿಮ್ಮ ಮುಂದಿದೆಯಂತೆ. ಸಂತೋಷ. ಶುಕ್ರವಾರ ಮಧ್ಯಾಹ್ನ ಅವರೂ ನಮಾಜಿಗೆ ಹೋಗುವುದಿಲ್ಲವೇ? ಗಟ್ಟಿಗರು ಬೇಡ ಬಂಧುಗಳೇ. ಪ್ರತಿ ಹೊಸ್ತಿಲಿಗೂ ಒಳಗೊಂದು, ಹೊರಗೊಂದು ಸಿಮೆಂಟಿನ ಇಳಿಜಾರು ಮಾಡಿಸಿ. ಒಳಗೆ ಹೋಗುವುದಕ್ಕಿಂತ ಹೆಚ್ಚಾಗಿ, ಹೊರಗೆ ಬರುವುದಕ್ಕೆ.

ಈ ವೇದಿಕೆಗೂ ನನ್ನನ್ನು ನಾಲ್ವರು ಎತ್ತಿ ತಂದಿದ್ದಾರೆ. ಆ ನಾಲ್ವರೂ ಈಗ ಊಟದ ಏರ್ಪಾಡಿಗೆ ಹೋಗಿರುವುದು ಇಲ್ಲಿಂದಲೇ ಕಾಣುತ್ತಿದೆ. ನೀವು ನಿರ್ಣಯ ಮಾಡುವವರೆಗೆ ನಾನು ಇಲ್ಲೇ ಇರುತ್ತೇನೆ. ಬೇರೆ ದಾರಿಯೂ ಇಲ್ಲ. ದಯವಿಟ್ಟು, ಊಟಕ್ಕೆ ಏಳುವ ಮೊದಲು ಒಮ್ಮೆ ಇತ್ತ ನೋಡಿ.

ಕೇಳಿಸಿಕೊಂಡದ್ದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.