ಸುಣ್ಣ ಬಳಿದ ನಾಲ್ಕು ಕಲ್ಲು

ಮಧ್ಯಾಹ್ನ ಮೂರಕ್ಕೇ ಕತ್ತಲೆ ಕವಿಯಿತು. ಹುಲ್ಲುಗಾವಲಿನ ತಗಡಿನ ಶೆಡ್ಡಿನ ಮೇಲೆ ಮಳೆ ಧೋ ಎಂದು ಸುರಿಯತೊಡಗಿದಾಗ ಟ್ರ್ಯಾಕ್ಟರ್ ಡ್ರೈವರ್ ಸಿಡಿಮಿಡಿಗೊಳ್ಳುತ್ತ ಒಳಗೆ ಬಂದ. ಬೇಸಿಗೆಯಲ್ಲಿ ಬೆಂಕಿ ದಾಟದಂತೆ ಉದ್ದಕ್ಕೂ ಒಂದು ಪಟ್ಟಿ ಹುಲ್ಲು ಕತ್ತರಿಸಿ ಬಯಲು ಮಾಡುವುದು ಅವನ ಕೆಲಸ. ಇವತ್ತು ಆ ಪಟ್ಟಿಯ ನಡುವೆಯೇ ಯಾರೋ ಸುಣ್ಣ ಬಳಿದ ನಾಲ್ಕು ಕಲ್ಲು ಇಟ್ಟಿದ್ದರು.

"ಯಾವ ತಲೆಕೆಟ್ಟವನ ಕೆಲಸ ಇದು? ಬ್ಲೇಡ್ ಮುರಿದ್ರೆ ಅವರಪ್ಪ ಬಂದು ಹಾಕಿಸ್ತಾನಾ? ನಾಲ್ಕನ್ನೂ ಎತ್ತಿ ಟ್ರೇಲರಿಗೆ ಎಸೆದಿದೀನಿ. ಮಳೆ ನಿಲ್ಲಲಿ, ಎಲ್ಲ ಸವರಿ ಹಾಕ್ತೀನಿ."

ಮೂಲೆಯಲ್ಲಿ ಕುಡುಗೋಲು ಮಸೆಯುತ್ತಿದ್ದ ಮುದುಕಿಯ ಕೈ ನಿಂತಿತು. ಐವತ್ತು ವರ್ಷ ಇಲ್ಲೇ ಹುಲ್ಲು ಕೊಯ್ದವಳು, ಎಲ್ಲರಿಗೂ ಅಜ್ಜಿ. "ಕೂತ್ಕೋ," ಎಂದಳು. ಪಕ್ಕದಲ್ಲಿ ಕೂತಿದ್ದ ಹುಲ್ಲುಗಾವಲಿನ ಕಾವಲುಗಾರ ಸರಿದು ಜಾಗ ಕೊಟ್ಟ. ಡ್ರೈವರ್ ಗೋಣಿಚೀಲಕ್ಕೆ ಒರಗಿದ.

"ಇದು ರಾಜನ ಕುದುರೆಗೆ ಮೇವು ಬೆಳೆದ ನೆಲ ಕಣಪ್ಪ. ರಾಜ ಹೋದ, ಕುದುರೆ ಹೋದವು... ಆಮೇಲೆ ಆಫೀಸರುಗಳು ಬಂದು, ಅಯ್ಯೋ ಖಾಲಿ ಬಿದ್ದಿದೆ ಅಂತ ಮರ ನೆಟ್ರು. ಖಾಲಿಯಂತೆ! ಕಾಲಿಟ್ಟಲ್ಲೆಲ್ಲ ಬಾನಾಡಿ ಅನ್ನೋ ಪುಟ್ಟ ಹಕ್ಕಿ ಗೂಡು, ತೋಳದ ಮರಿ, ಹುಲ್ಲೆ ಹಿಂಡು... ಅವರಿಗೆ ಕಣ್ಣೆಲ್ಲಿತ್ತು? ಆಗ ಹೆಬ್ಬಕ ಅಂತ ಹಕ್ಕಿ ಇತ್ತು. ನಿನ್ನ ಸೊಂಟದೆತ್ತರ. ಬರೀ ನೆಲದ ಮೇಲೆ ವರ್ಷಕ್ಕೆ ಒಂದೇ ಮೊಟ್ಟೆ. ಅದು ಕಂಡ್ರೆ ಸುತ್ತ ನಾಲ್ಕು ಬಿಳಿ ಕಲ್ಲು ಇಡ್ತಿದ್ವಿ, ಕುಡುಗೋಲು ಸುತ್ತಿ ಹೋಗಲಿ ಅಂತ. ನಮ್ಮಣ್ಣ ಹುಲ್ಲು ಕೊಯ್ಯೋರ ಮೇಸ್ತ್ರಿ. ಒಂದ್ಸಲ, ಹೋದ ವರ್ಷದ ಕಲ್ಲು ಅಂದ್ಕೊಂಡು ಎತ್ತಿಬಿಟ್ಟ... ನಿನ್ನ ಹಾಗೇ. ಮಾರನೇ ದಿನ ಹುಲ್ಲು ಕೊಯ್ಯೋ ಮೆಷಿನ್ ಹಾಯ್ತು. ಕೊನೇ ಮೊಟ್ಟೆ ಅದು. ಮೂವತ್ತು ವರ್ಷ ಹೆಬ್ಬಕ ಈ ಕಡೆ ತಲೆ ಹಾಕಲಿಲ್ಲ."

ಮಳೆಯ ಸದ್ದು ಒಂದು ಗಳಿಗೆ ತನ್ನ ಕಿವಿಯೊಳಗೇ ಸುರಿದಂತಾಯಿತು ಡ್ರೈವರನಿಗೆ.

"ಅಣ್ಣ ಅದೇ ಕೊರಗಲ್ಲಿ ಹೋದ... ಹೋದನಾ? ಅವನು ಸತ್ತ ವರ್ಷದಿಂದ ಬಾನಾಡಿ ಗೂಡಿನ ಪಕ್ಕ ಕಲ್ಲು ಬೀಳ್ತಾ ಇವೆ. ಇಡೋರನ್ನ ಕಂಡೋರಿಲ್ಲ. ಆದ್ರೆ ಯಾವತ್ತೂ ಎರಡೇ. ನಾಲ್ಕು ಇಟ್ಟಿದ್ದು ಇವತ್ತೇ ಮೊದಲು... ಎಲ್ಲಿಂದ ಎತ್ತಿದೆ, ಹೇಳು?"

ಡ್ರೈವರ್ ಎದ್ದು ಬಾಗಿಲಿನಾಚೆ ನೋಡಿದ. ಮೈಲಿಗಟ್ಟಲೆ ಹುಲ್ಲು, ಎಲ್ಲ ಒಂದೇ ಥರ. ಗುರುತೇ ಇಲ್ಲ. ಮಳೆ ತುಸು ಇಳಿಯುವುದೇ ತಡ, ಹೊರಗೆ ಓಡಿದ.

ಟ್ರೇಲರ್ ಖಾಲಿ. ಆಚೆ, ತೊಯ್ದ ಹುಲ್ಲಿನ ನಡುವೆ ನಾಲ್ಕು ಬಿಳಿ ಕಲ್ಲು. ಅವುಗಳ ಮಧ್ಯೆ ಉದ್ದ ಕತ್ತೊಂದು ಮೆಲ್ಲಗೆ ಎದ್ದು, ಅವನನ್ನು ನೋಡಿ, ಮತ್ತೆ ತಗ್ಗಿತು.

ಒಂದೇ ಉಸಿರಿಗೆ ವಾಪಸ್ ಬಂದ. "ಅಜ್ಜಿ, ಕೂತಿದೆ! ಕಾವಿಗೆ ಕೂತಿದೆ! ಪಟ್ಟೀನ ಅಲ್ಲಿ ದೂರದಿಂದ ಬಳಸಿ ಹೊಡೀತೀನಿ, ಯಾವ ಆಫೀಸರ್ ಕೇಳ್ತಾನೋ ಕೇಳಲಿ ನೋಡ್ತೀನಿ! ಆದ್ರೆ... ಕಲ್ಲು ವಾಪಸ್ ಇಟ್ಟೋರ್ಯಾರು? ನಾವು ಮೂವರೂ ಇಲ್ಲೇ ಇದ್ವಲ್ಲ?"

ಕಾವಲುಗಾರ ಅವನನ್ನೇ ಮಿಕಿಮಿಕಿ ನೋಡಿದ. "ಕತೆ ಮಧ್ಯ ನೀನೇ ಎದ್ದು ಹೋದೆಯಲ್ಲೋ. ಅಂಥಾ ಮಳೇಲಿ. ಎಷ್ಟು ಕೂಗಿದ್ರೂ ತಿರುಗಲಿಲ್ಲ. ಆಮೇಲೆ ತೊಯ್ದುಕೊಂಡು ಬಂದು, ಏನೂ ಆಗದವನ ಹಾಗೆ ಕತೆ ಕೇಳ್ತಾ ಕೂತೆ."

ಅಜ್ಜಿ ಮತ್ತೆ ಕುಡುಗೋಲು ಮಸೆಯತೊಡಗಿದಳು.

"ಅಣ್ಣನಿಗೆ ಕೈಯೆಲ್ಲಿದೆ ಪಾಪ... ಹತ್ತಿರ ಸಿಕ್ಕೋರದ್ದನ್ನ ತಗೋತಾನೆ. ಇನ್ನು ಪ್ರತಿ ವರ್ಷ ನಿನ್ನನ್ನೇ ಕರೀತಾನೇನೋ... ಈಗ ಹೋಗಿ ಕೈ ತೊಳ್ಕೋ ಮಗಾ. ಸುಣ್ಣ ಮೆತ್ತಿದೆ, ಚರ್ಮ ಸುಡುತ್ತೆ."